ದಾವೆಯ ಭಯ, ಕಾನೂನಿನ ಮಿತಿ

ಕಲ್ಲುಗಣಿಯನ್ನೋ ಅಣೆಕಟ್ಟನ್ನೋ ಪ್ರಶ್ನಿಸಿ ಕರಪತ್ರ ಹಂಚಿದವರ ಮನೆಗೆ ಮಾನನಷ್ಟದ ನೋಟಿಸು ಬರುವುದು ಹೊಸತಲ್ಲ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಅಪಾಯವಿದೆಯೆಂದು ಗ್ರೀನ್‌ಪೀಸ್ ಸಂಘಟನೆಯು ಕಂಪ್ಯೂಟರ್ ಆಟವೊಂದನ್ನು ಹೊರತಂದಾಗ, ಟಾಟಾ ಸನ್ಸ್ 10 ಕೋಟಿ ರೂಪಾಯಿ ಪರಿಹಾರ ಕೋರಿ ದಾವೆ ಹೂಡಿತು. 2011ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆಯನ್ನು ನಿರಾಕರಿಸಿತು. ದೊಡ್ಡ ಸಂಘಟನೆಗೆ ವಕೀಲರಿದ್ದಾರೆ. ಎರಡೆಕರೆ ತೋಟದ ಕುಟುಂಬವಾದರೋ ಅಂತಹ ಮೊತ್ತವನ್ನು ಕಾಗದದಲ್ಲಿ ಕಂಡೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ನೋಟಿಸಿನ ಉದ್ದೇಶವೂ ಎಷ್ಟೋ ಬಾರಿ ಅಷ್ಟೇ. ಆದುದರಿಂದ ಏನು ಹೋಗಬಹುದು, ಏನು ಹೋಗಲಾರದು ಎಂಬುದನ್ನು ನಾವು ಅರಿತಿರಬೇಕು.

ದಾವೆ ಹೂಡಿದ ಮಾತ್ರಕ್ಕೆ ಆಸ್ತಿ ಕೈತಪ್ಪುವುದಿಲ್ಲ. ಡಿಕ್ರಿಗೆ ಮುನ್ನ ಜಪ್ತಿಯಾಗಬೇಕಾದರೆ, ಪ್ರತಿವಾದಿಯು ಡಿಕ್ರಿಯನ್ನು ತಪ್ಪಿಸಲೆಂದೇ ಆಸ್ತಿಯನ್ನು ಪರಭಾರೆ ಮಾಡುತ್ತಿದ್ದಾನೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಆಗಲೂ ರೈತನ ಸ್ವಾಧೀನದಲ್ಲಿರುವ ಕೃಷಿ ಉತ್ಪನ್ನವನ್ನು ಮುಟ್ಟುವಂತಿಲ್ಲ.

ಹಣದ ಡಿಕ್ರಿಯಾದ ಬಳಿಕವೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೆಲವನ್ನು ಕಾಯುತ್ತದೆ: ಅಗತ್ಯವಾದ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣು ತೆಗೆಯಲಾಗದ ತಾಳಿಯಂತಹ ಆಭರಣ, ಜೀವನೋಪಾಯಕ್ಕೆ ಬೇಕಾದ ಕೃಷಿ ಉಪಕರಣ, ದನಕರು, ಬಿತ್ತನೆ ಬೀಜ, ರೈತ ಅಥವಾ ಕೂಲಿಕಾರ ವಾಸಿಸುವ ಸ್ವಂತ ಮನೆ, ಕೂಲಿ, ಸರ್ಕಾರಿ ಪಿಂಚಣಿ, ಭವಿಷ್ಯನಿಧಿ. ಸಂಬಳದಲ್ಲಿ ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರನೇ ಎರಡು ಭಾಗ ಸುರಕ್ಷಿತ. ಈ ರಕ್ಷಣೆಯನ್ನು ಬಿಟ್ಟುಕೊಡುವೆನೆಂದು ಬರೆದುಕೊಟ್ಟ ಕರಾರೂ ಅನೂರ್ಜಿತ.

ಆದರೆ ಜಮೀನು, ತೋಟ, ಬ್ಯಾಂಕಿನ ಠೇವಣಿ, ವಾಹನ, ಉಳಿದ ಚಿನ್ನ, ಅವಿಭಕ್ತ ಆಸ್ತಿಯಲ್ಲಿನ ಸ್ವಂತ ಪಾಲು ಜಪ್ತಿಗೆ ಒಳಪಡುತ್ತವೆ. ಅಡವಿಟ್ಟ ಮನೆಗೆ, ಆ ಸಾಲದ ಮಟ್ಟಿಗೆ, ಈ ರಕ್ಷಣೆ ದೊರೆಯದು. ಇದನ್ನು ಮರೆಮಾಚುವುದು ಚಳವಳಿಗೆ ಶೋಭೆಯಲ್ಲ. ಜೈಲಿನ ವಿಷಯಕ್ಕೆ ಬಂದರೆ, ಕೊಡಲು ಶಕ್ತಿಯಿಲ್ಲದ ಬಡತನವೊಂದೇ ಸೆರೆವಾಸಕ್ಕೆ ಕಾರಣವಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ.

ನಿಜವಾದ ಅಪಾಯವಿರುವುದು ಸಮನ್ಸನ್ನು ಸೂರಿನಡಿಗೆ ಸಿಕ್ಕಿಸಿ ಸುಮ್ಮನಿರುವುದರಲ್ಲಿ. ಪ್ರತಿವಾದಿ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಸಮನ್ಸು ಕೈಸೇರಿದ 30 ದಿನಗಳೊಳಗೆ ಲಿಖಿತ ಉತ್ತರ ಸಲ್ಲಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಅಲ್ಲಿ ಆದಾಯದ ಮಿತಿಯಿಲ್ಲ. ಓದುಬಲ್ಲ ವಿದ್ಯಾರ್ಥಿಗಳು ನೆರೆಮನೆಯ ಸಮನ್ಸನ್ನು ಓದಿ ಹೇಳಲಿ. ಊರವರು ಜೊತೆಗೆ ನ್ಯಾಯಾಲಯಕ್ಕೆ ಹೋಗಲಿ. ಒಂಟಿಯಾದವರನ್ನೇ ದಾವೆ ಹೆಚ್ಚು ಹೆದರಿಸುತ್ತದೆ.