ಹನ್ನೊಂದು ಮಂದಿಯಲ್ಲಿ ಒಬ್ಬರಿಗೇ ಪ್ರಶಸ್ತಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದರೆ ವೇದಿಕೆಯ ಮೇಲೆ ಟ್ರೋಫಿಗಳ ಸಾಲೇ ಇರುತ್ತದೆ. ಗೆದ್ದ ತಂಡಕ್ಕೊಂದು, ಎರಡನೆಯ ಸ್ಥಾನಕ್ಕೊಂದು. ಆಮೇಲೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್. ಪಾಯಿಂಟ್ ತಂದವನಿಗೆ ಎಷ್ಟೇ ಸಿಳ್ಳೆ ಬೀಳಲಿ, ಕಾಲು ಹಿಡಿದು ಎದುರಾಳಿಯನ್ನು ಕೆಡವಿದವನನ್ನು ಊರು ಮರೆಯುವುದಿಲ್ಲ.

ಫುಟ್‌ಬಾಲ್ ಈ ನಾಲ್ಕು ತಾಲ್ಲೂಕುಗಳಲ್ಲಿ ಅಷ್ಟು ಬೇರೂರಿದ ಆಟವಲ್ಲ. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್‌ಗಳದ್ದೇ ಸದ್ದು. ಹಾಗಿದ್ದೂ ದೇಶದ ದೊಡ್ಡ ಕ್ಲಬ್ಬುಗಳಲ್ಲೊಂದಾದ ಬೆಂಗಳೂರು ಎಫ್‌ಸಿ ರಾಮನಗರದಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಕಂಠೀರವದಲ್ಲಿ ಆಡುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 1992ರಿಂದ ಕೊಡುತ್ತಿರುವ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ, ಒಟ್ಟು ಏಳು ಬಾರಿ, ಪಡೆದವರು ಇದೇ ಕ್ಲಬ್ಬಿನ ಸುನಿಲ್ ಚೆಟ್ರಿ. ಹನ್ನೊಂದು ಮಂದಿ ಸೇರಿ ಆಡುವ ಆಟದಲ್ಲಿ ಒಬ್ಬರನ್ನೇ ಆರಿಸಿ ಶ್ರೇಷ್ಠರೆನ್ನುವುದು ಸರಿಯೇ?

ಪರ

ಸರಿ ಎನ್ನುವವರು ಮೊದಲು ತೋರಿಸುವುದು ಸರ್ಕಾರದ ಕ್ರೀಡಾ ಗೌರವಗಳನ್ನು. ಖೇಲ್ ರತ್ನ ಶುರುವಾದದ್ದು 1991-92ರಲ್ಲಿ. ಅದು ಫುಟ್‌ಬಾಲ್ ಆಟಗಾರನೊಬ್ಬನ ಕೈಗೆ ಬರಲು 2021ರವರೆಗೆ ಕಾಯಬೇಕಾಯಿತು, ಪಡೆದವರು ಚೆಟ್ರಿ. ಒಲಿಂಪಿಕ್ಸ್ ಪದಕ, ವಿಶ್ವಕಪ್ ಎಂದು ಲೆಕ್ಕ ಹಾಕುವ ಕಡೆ ಭಾರತದ ಫುಟ್‌ಬಾಲಿಗನ ಸರದಿ ಬರುವುದು ತಡವಾಗಿಯೇ. ತಮ್ಮವರನ್ನು ಗುರುತಿಸುವ ಹೊಣೆಯನ್ನು ಆಟವೇ ಹೊರಬೇಕು.

ಗೋಲು ಹೊಡೆದವರಿಗಷ್ಟೇ ಪ್ರಶಸ್ತಿ ಎಂಬ ದೂರನ್ನೂ ಪಟ್ಟಿ ಪೂರ್ತಿಯಾಗಿ ಒಪ್ಪುವುದಿಲ್ಲ. 1992ರಲ್ಲಿ ಮೊದಲು ಗೌರವ ಪಡೆದ ವಿ.ಪಿ. ಸತ್ಯನ್ ರಕ್ಷಣಾ ವಿಭಾಗದ ಆಟಗಾರ. 2009ರಲ್ಲಿ ಗೋಲ್‌ಕೀಪರ್ ಸುಬ್ರತಾ ಪಾಲ್, 2019-20ರಲ್ಲಿ ಬೆಂಗಳೂರಿನ ಗೋಲು ಕಾಯುತ್ತಿದ್ದ ಗುರುಪ್ರೀತ್ ಸಿಂಗ್ ಸಂಧು, ಮರುವರ್ಷ ಡಿಫೆಂಡರ್ ಸಂದೇಶ್ ಜಿಂಗನ್, 2024-25ರಲ್ಲಿ ಮತ್ತೊಬ್ಬ ಡಿಫೆಂಡರ್ ಶುಭಾಶಿಷ್ ಬೋಸ್. ತಿಳಿದವರು ಆರಿಸಿದರೆ ಹಿಂದೆ ನಿಂತವನೂ ಕಣ್ಣಿಗೆ ಬೀಳುತ್ತಾನೆ.

ರಾಮನಗರದವರಿಗೆ ಒಪ್ಪುವ ಇನ್ನೊಂದು ಮಾತಿದೆ. ಇಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಗರಿಷ್ಠ, ಕನಿಷ್ಠ, ಸರಾಸರಿ ಎಂದು ಮೂರು ದರ ಹೊರಬೀಳುತ್ತವೆ. ಬೆಳೆಗಾರರ ಬಾಯಲ್ಲಿ ಊರಿಗೆ ಹೋಗುವುದು ಗರಿಷ್ಠ ದರ. ಇಷ್ಟು ರೇಟು ಹೋಯಿತಂತೆ ಎಂಬ ಸುದ್ದಿ ಕೇಳಿದವನು ಮುಂದಿನ ಬೆಳೆಗೆ ಇನ್ನಷ್ಟು ಜೋಪಾನವಾಗಿ ಹುಳು ಸಾಕುತ್ತಾನೆ. ಪ್ರಶಸ್ತಿಯ ಕೆಲಸವೂ ಅದೇ. ಚೆಟ್ರಿಗೆ ಮೊದಲ ಸಲ ಈ ಗೌರವ ಬಂದದ್ದು 2007ರಲ್ಲಿ, ರಾಮನಗರ ಜಿಲ್ಲೆ ಹುಟ್ಟಿದ ವರ್ಷ. ಜಿಲ್ಲೆಗೀಗ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಅದರ ಜೊತೆಗೇ ಬೆಳೆದ ಮಕ್ಕಳಿಗೆ ಭಾರತದ ಫುಟ್‌ಬಾಲ್ ಎಂದರೆ ತಟ್ಟನೆ ನೆನಪಾಗುವುದು ಆ ಒಂದು ಹೆಸರು. 2018ರ ಜೂನ್‌ನಲ್ಲಿ ಮುಂಬೈನ ಖಾಲಿ ಗ್ಯಾಲರಿಗಳ ಮುಂದೆ ಆಡಿ ನೊಂದ ಚೆಟ್ರಿ, ಬೈಯಲಾದರೂ ಮೈದಾನಕ್ಕೆ ಬನ್ನಿ ಎಂದು ವಿಡಿಯೊದಲ್ಲಿ ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಟಿಕೆಟ್ ಉಳಿಯಲಿಲ್ಲ. ಗುರುತಿದ್ದ ಮುಖ ಕರೆದದ್ದಕ್ಕೆ ಜನ ಬಂದರು.

ವಿರೋಧ

ಬೇಡ ಎನ್ನುವವರ ಬಳಿ ಬೆಂಗಳೂರಿನದೇ ಬಲವಾದ ಸಾಕ್ಷಿಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಎಸ್. ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬರು ಅಹ್ಮದ್ ಖಾನ್. ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆ ಅವರು ಆಡಿದಾಗ ಜನ ಆ ಐವರನ್ನೂ ಪಂಚ ಪಾಂಡವರು ಎಂದೇ ಕರೆದರು. ಒಬ್ಬರ ಚೆಂಡು ಇನ್ನೊಬ್ಬರ ಕಾಲಿಗೆ, ಅಲ್ಲಿಂದ ಮತ್ತೊಬ್ಬರಿಗೆ. ಆ ಐವರಲ್ಲಿ ಯಾರ ಕೊರಳಿಗೆ ಹಾರ ಹಾಕುವುದು? ಅಭಿಮಾನಿಗಳು ಐದೂ ಜನರನ್ನು ಒಂದೇ ಹೆಸರಿನಲ್ಲಿ ಕಟ್ಟಿದರು. ಆಟವನ್ನು ಬಲ್ಲವರ ಮೆಚ್ಚುಗೆ ಅದು.

ಆಯ್ಕೆಯ ಬಗೆಯೂ ಒಂದೇ ತೆರನಾಗಿಲ್ಲ. 2020-21ರಲ್ಲಿ ಜಿಂಗನ್ ಅವರನ್ನು ಆರಿಸಿದ್ದು ಇಂಡಿಯನ್ ಸೂಪರ್ ಲೀಗ್ ಮತ್ತು ಐ-ಲೀಗ್ ಕ್ಲಬ್ಬುಗಳ ಕೋಚ್‌ಗಳ ಮತ. ಮರುವರ್ಷ ಚೆಟ್ರಿ ಅವರ ಹೆಸರು ಹೇಳಿದ್ದು ರಾಷ್ಟ್ರೀಯ ತಂಡದ ಕೋಚ್ ಇಗೊರ್ ಸ್ಟಿಮಾಚ್. ಒಂದು ವರ್ಷ ಹಲವರ ಲೆಕ್ಕ, ಇನ್ನೊಂದು ವರ್ಷ ಒಬ್ಬರ ಮಾತು. ಎರಡಕ್ಕೂ ಒಂದೇ ಹೆಸರಿನ ಪ್ರಶಸ್ತಿ. ಫಿಫಾ ತನ್ನ ಪ್ರಶಸ್ತಿಗೆ ಯಾವ ದೇಶದ ನಾಯಕ, ಯಾವ ಕೋಚ್ ಯಾರಿಗೆ ಮತ ಹಾಕಿದರೆಂಬುದನ್ನು ಪ್ರಕಟಿಸುತ್ತದೆ. ಇಲ್ಲಿಯೂ ಅಷ್ಟು ಬಿಚ್ಚಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಈ ಮಾತಿನಲ್ಲಿ ಬೇಡ ಎನ್ನುವವರದ್ದೇ ನ್ಯಾಯ.

ಅವರ ಮುಖ್ಯ ತಕರಾರು ಬೇರೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968-69ರದು; ಆಗ ತಂಡದ ಹೆಸರು ಮೈಸೂರು. ಐವತ್ತನಾಲ್ಕು ವರ್ಷಗಳ ಬಳಿಕ ಬಂದ ಕಪ್ ಅದು. ಆ ಋತುವಿನ ಶ್ರೇಷ್ಠ ಆಟಗಾರನಾಗಿ ಆಯ್ಕೆಯಾದವರು ಸೂಪರ್ ಲೀಗ್‌ನ ಮುಂಬೈ ಸಿಟಿ ತಂಡದ ಲಾಲಿಯನ್ಝುವಾಲಾ ಚಾಂಗ್ಟೆ. ಅವರ ಅರ್ಹತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ಲೀಗ್‌ಗಳ ಕೋಚ್‌ಗಳು ಮತ ಹಾಕುವ ಕಡೆ ರಾಜ್ಯ ತಂಡದ ಹುಡುಗನ ಹೆಸರು ಬರುವುದು ಹೇಗೆ? ಕನಕಪುರದ ಶಾಲಾ ಮೈದಾನದಿಂದ ಹೊರಡುವ ಹುಡುಗ ಮೊದಲು ತಲುಪಬಹುದಾದದ್ದು ಜಿಲ್ಲೆ, ಆಮೇಲೆ ರಾಜ್ಯ. ಅವನು ತಲುಪುವ ಮೆಟ್ಟಿಲು ಪ್ರಶಸ್ತಿಗೆ ಕಾಣುವುದೇ ಇಲ್ಲ.

ಇಷ್ಟಕ್ಕೆ ಪ್ರಶಸ್ತಿಯನ್ನೇ ನಿಲ್ಲಿಸಬೇಕೇ? ಪರ ಇರುವವರು ಕಬಡ್ಡಿ ವೇದಿಕೆಯ ಕಡೆ ಕೈ ತೋರಿಸುತ್ತಾರೆ: ಕ್ಯಾಚರ್‌ಗೂ ಒಂದು ಟ್ರೋಫಿ ಇಡಿ, ರೈಡರ್‌ನದ್ದನ್ನು ಕಿತ್ತುಕೊಳ್ಳಬೇಡಿ. ಫೆಡರೇಷನ್ ಗೋಲ್‌ಕೀಪರ್‌ಗೆ ಪ್ರತ್ಯೇಕ ಪ್ರಶಸ್ತಿ ಕೊಟ್ಟದ್ದು ಆ ದಾರಿಯದೇ ಹೆಜ್ಜೆ; 2024-25ರಲ್ಲಿ ಅದು ವಿಶಾಲ್ ಕೈತ್ ಅವರಿಗೆ ಸಿಕ್ಕಿತು. ಸಂತೋಷ್ ಟ್ರೋಫಿಯಲ್ಲಿ ಮಿಂಚಿದವರಿಗೂ ಅದೇ ಸಮಾರಂಭದಲ್ಲಿ ಕುರ್ಚಿ ಹಾಕಬಹುದು.

ಪ್ರಶಸ್ತಿ ಇಲ್ಲದ ವರ್ಷಗಳು ಹೇಗಿರುತ್ತವೆ ಎಂಬುದಕ್ಕೆ ಅವರು ಮಹಿಳೆಯರ ಪಟ್ಟಿಯನ್ನು ತೆರೆದಿಡುತ್ತಾರೆ. 2001ರಲ್ಲಿ ಮಣಿಪುರದ ಒಯಿನಂ ಬೆಂಬೆಮ್ ದೇವಿ ವರ್ಷದ ಶ್ರೇಷ್ಠ ಆಟಗಾರ್ತಿ. ಪಟ್ಟಿಯಲ್ಲಿ ಮುಂದಿನ ಹೆಸರು ಮತ್ತೆ ಬೆಂಬೆಮ್ ದೇವಿ, ಆದರೆ ವರ್ಷ 2013. ನಡುವಿನ ವರ್ಷಗಳಲ್ಲೂ ಹೆಣ್ಣುಮಕ್ಕಳು ದೇಶಕ್ಕಾಗಿ ಆಡಿದರು, ಗೆದ್ದರು, ಗಾಯಗೊಂಡರು, ನಿವೃತ್ತರಾದರು. ಆ ಸಾಲುಗಳಲ್ಲಿ ಒಂದು ಹೆಸರೂ ಇಲ್ಲ.