ನೇರ ಪ್ರಸಾರದ ಸಭೆಯಲ್ಲಿ ಪ್ರಶ್ನೆಗೆ ಎಡೆಯಿದೆಯೆ?

ಮುಂಬಯಿಯ ಕನ್ನಡ ಸಂಘಗಳು ತಮ್ಮ ಸಭೆ-ಸಮಾರಂಭಗಳನ್ನು ಯೂಟ್ಯೂಬಿನ ಮೂಲಕ ನೇರವಾಗಿ ತೋರಿಸುವುದು ಈಗ ಹೊಸ ಸಂಗತಿಯಲ್ಲ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಅನಿವಾರ್ಯವಾಗಿ ಬಳಕೆಗೆ ಬಂದ ಈ ಪದ್ಧತಿಯು ಸಭಾಗೃಹಗಳು ಮರಳಿ ತೆರೆದ ಮೇಲೂ ನಿಂತಿಲ್ಲ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಸಂಜೆ ಆರು ಗಂಟೆಗೆ ಸಭೆಯೆಂದರೆ ಹೋಟೆಲಿನಲ್ಲಿ ದುಡಿಯುವವನಿಗೆ ಅದು ಗಿರಾಕಿಗಳ ಗದ್ದಲದ ಹೊತ್ತು. ಗುಮಾಸ್ತನಾದರೋ ವಿರಾರದ ಗಾಡಿಯಲ್ಲಿ ಕಾಲೂರಲು ಎಡೆ ಹುಡುಕುತ್ತಿರುತ್ತಾನೆ. ಇಂಥವರು ರಾತ್ರಿ ಕೆಲಸ ಮುಗಿದ ತರುವಾಯ ಕೈಯಲ್ಲಿರುವ ಫೋನಿನಲ್ಲಿ ಸಭೆಯನ್ನು ನೋಡಬಹುದಾಗಿದೆ.

ನೋಡಬಹುದು, ನಿಜ. ಆದರೆ ಪ್ರಶ್ನಿಸಬಹುದೆ? ನಮ್ಮ ಆಕ್ಷೇಪವಿರುವುದು ಇಲ್ಲಿ. ದೀಪ ಬೆಳಗುವುದು, ಶಾಲು ಹೊದಿಸುವುದು, ಸನ್ಮಾನಿತರ ದೀರ್ಘ ಪರಿಚಯ, ಇವೆಲ್ಲ ಸಾಂಗವಾಗಿ ನಡೆದು ವಂದನಾರ್ಪಣೆಯೊಡನೆ ಪ್ರಸಾರ ಮುಗಿಯುತ್ತದೆ. ಮಕ್ಕಳ ವಿದ್ಯಾರ್ಥಿವೇತನಕ್ಕೆ ಎಂದು ಅರ್ಜಿ ಹಾಕಬೇಕೆಂದು ಒಬ್ಬನು ತೆರೆಯ ಬದಿಯಲ್ಲಿ ಬರೆದು ಕೇಳಿದ್ದರೆ, ವೇದಿಕೆಯ ಮೇಲಿನವರು ಅದನ್ನು ಕಂಡೇ ಇರುವುದಿಲ್ಲ. ಕೆಲವೆಡೆ ಹಾಗೆ ಬರೆಯುವ ಸೌಕರ್ಯವನ್ನೇ ಮುಚ್ಚಿರುತ್ತಾರೆ. ವಂತಿಗೆ ಎಲ್ಲರದು, ಮಾತು ಕೆಲವರದು ಎಂಬ ಹಳೆಯ ರೂಢಿಯೇ ಹೊಸ ಯಂತ್ರವನ್ನೇರಿ ಕುಳಿತಿದೆ.

ಈ ಯಂತ್ರಕ್ಕೆ ಪ್ರಶ್ನೆ ಕೇಳಿಸುವ ಶಕ್ತಿ ಇಲ್ಲವೆಂದಲ್ಲ. ಯೂಟ್ಯೂಬು ಹುಟ್ಟಿದ್ದು 2005ರಲ್ಲಿ. 2007ರ ಜುಲೈಯಲ್ಲಿಯೇ ಅಮೇರಿಕದ ಸಿ.ಎನ್.ಎನ್. ವಾಹಿನಿಯು ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿದ್ದವರನ್ನು ಚಾರ್ಲ್ಸ್‌ಟನ್ ನಗರದಲ್ಲಿ ಕೂಡಿಸಿ, ಸಾಮಾನ್ಯ ಜನರು ತಾವೇ ಚಿತ್ರಿಸಿ ಯೂಟ್ಯೂಬಿಗೆ ಕಳುಹಿಸಿದ ಪ್ರಶ್ನೆಗಳಿಗೆ ಉತ್ತರ ಹೇಳಿಸಿತು. ಬಂದವು ಸುಮಾರು 3000, ಕೇಳಿಸಿದವು ನಲವತ್ತರಷ್ಟು. ಭೂಮಿಯ ತಾಪ ಏರುತ್ತಿರುವುದನ್ನು ಕುರಿತು ಹಿಮದ ಬೊಂಬೆಯೊಂದರ ಬಾಯಿಂದ ಕೇಳಿಸಿದವರೂ ಉಂಟು! ಸಭೆ ನಕ್ಕಿತು, ಆದರೂ ಉತ್ತರ ಕೊಡಬೇಕಾಯಿತು. ಪ್ರಶ್ನೆಗಳನ್ನು ಆರಿಸಿದವರು ಜನರಲ್ಲ, ವಾಹಿನಿಯವರು ಎಂಬುದು ಆಗ ಟೀಕೆಗೆ ಗುರಿಯಾಯಿತು. ನಮ್ಮ ಸಂಘಗಳು ಗಮನಿಸಬೇಕಾದದ್ದು ಈ ಟೀಕೆಯನ್ನೇ.

ಸಭೆಗೆ ಒಂದು ವಾರ ಮುಂಚಿತವಾಗಿ ವಿಷಯವನ್ನು ಸಾರಿ ಪ್ರಶ್ನೆಗಳನ್ನು ತರಿಸಿಕೊಳ್ಳಲಿ. ಫೋನಿನಲ್ಲಿ ಕನ್ನಡ ಬರೆಯಲು ತೊಡಕಾಗುವವರು ವಾಟ್ಸಾಪಿನಲ್ಲಿ ಮಾತಾಡಿಯೇ ಕಳುಹಿಸಲಿ. ತುಳುವಿನಲ್ಲಿ ಕೇಳಿದರೂ ತಪ್ಪೇನು? ಕಾರ್ಯಕಾರಿ ಸಮಿತಿಗೆ ಸೇರದ ಸದಸ್ಯರೊಬ್ಬರು ಅವನ್ನು ಆರಿಸಿ ಓದಲಿ. ಕೇಳಿದವನು ಬಯಸದಿದ್ದರೆ ಅವನ ಹೆಸರನ್ನು ಹೇಳಕೂಡದು. ಇದನ್ನು ನಾವು ಒತ್ತಿ ಹೇಳುತ್ತೇವೆ. ಧಣಿಯೇ ಸಂಘದ ಪದಾಧಿಕಾರಿಯಾಗಿರುವಲ್ಲಿ, ರಾತ್ರಿ ಮಲಗುವ ಜಾಗದ ವಿಷಯವನ್ನೋ ವಾರದ ರಜೆಯ ವಿಷಯವನ್ನೋ ಅವನ ಕೆಲಸಗಾರನು ಹೆಸರಿಟ್ಟು ಎತ್ತಬಲ್ಲನೆ? ಸಭಾಗೃಹದಲ್ಲಿ ಎದ್ದು ನಿಂತು ಕೇಳಲಾರದ ಮಾತನ್ನು ಕೇಳುವ ಅವಕಾಶ ಅವನಿಗೆ ಇದರಿಂದ ಒದಗುತ್ತದೆ.

ಬಾಯಿಗೆ ಬಂದಂತೆ ಬರೆಯುವವರ ಉಪದ್ರವ ಹೆಚ್ಚೀತೆಂದು ಕೆಲವು ಹಿರಿಯರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ. ಆದರೆ ಅನುಚಿತ ಬರಹವನ್ನು ತಡೆಹಿಡಿದು ನೋಡಿ ಬಿಡುವ ವ್ಯವಸ್ಥೆ ಯೂಟ್ಯೂಬಿನಲ್ಲಿಯೇ ಇದೆ. ತಿಳಿದ ತರುಣನೊಬ್ಬನನ್ನು ಅದಕ್ಕೆ ಕೂಡಿಸಿದರಾಯಿತು. ಇನ್ನು, ಸಭೆ ಮುಗಿದ ಮೇಲೆ ನಡುರಾತ್ರಿ ನೋಡಿದವನು ಬರೆದ ಪ್ರಶ್ನೆಗೆ ಮುಂದಿನ ಸಭೆಯ ಆರಂಭದಲ್ಲಿ ಹತ್ತು ನಿಮಿಷ ಮೀಸಲಿಡಬಹುದು. ಎರಡು ಶಾಲುಗಳನ್ನು ಕಡಿಮೆ ಮಾಡಿದರೂ ಅಷ್ಟು ಸಮಯ ಸಿಕ್ಕೀತು.