ಶ್ರೀರಾಮಪುರದ ಗೃಹಕೃತ್ಯ

1817ರಲ್ಲಿ ವಂಗದೇಶದ ಶ್ರೀರಾಮಪುರದಲ್ಲಿ ಅಚ್ಚಾದ, ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ಕೇರಿಯವರ ಕರ್ಣಾಟಕ ಭಾಷಾ ವ್ಯಾಕರಣವನ್ನು ಈ ವಾರ ತಿರುವುತ್ತಿದ್ದಾಗ, ನನ್ನ ಚಿತ್ತವು ವಿಭಕ್ತಿಪ್ರತ್ಯಯಗಳನ್ನು ತೊರೆದು ಅವರ ಅಡಿಗೆಮನೆಯತ್ತ ಹರಿಯಿತು. ವಿದ್ವಾಂಸನ ಕೀರ್ತಿಯನ್ನು ಬರೆಯುವ ನಾವು, ಆತನಿಗೆ ಹೊತ್ತುಹೊತ್ತಿಗೆ ಅನ್ನವಿಕ್ಕಿದವರಾರೆಂದು ಕೇಳುವುದೇ ಇಲ್ಲ. 1793ರಲ್ಲಿ ಕಲ್ಕತ್ತೆಗೆ ಬಂದಿಳಿದು, ಮರುವರ್ಷ ಮಾಲ್ದಾ ಸೀಮೆಯ ನೀಲಿ ಕಾರ್ಖಾನೆಯೊಂದರ ಆಶ್ರಯ ಸೇರಿದ ಆ ಸಂಸಾರದ ಅಗತ್ಯಗಳು ಎಷ್ಟು ಐಹಿಕವಾಗಿದ್ದುವೆಂಬುದಕ್ಕೆ, ಕುಡುಗೋಲು, ನೇಗಿಲಿನ ಗಾಲಿ, ತೋಟದ ಬೀಜ ಇವನ್ನು ಕಳುಹಿಸಿರೆಂದು ಕೇರಿಯವರು ಇಂಗ್ಲೆಂಡಿಗೆ ಬರೆದುದೇ ಸಾಕ್ಷಿ. ಆದರೆ ಹಡಗಿನಲ್ಲಿ ತರಿಸಲಾಗದ ಅಗತ್ಯವೊಂದಿದ್ದಿತು, ಅದು ನೆರೆಹೊರೆ. ಕೇರಿಯವರ ಐದು ವರ್ಷದ ಮಗ ಪೀಟರನು ಅತಿಸಾರದಿಂದ ತೀರಿಕೊಂಡಾಗ ಗೋರಿ ತೋಡುವವರು ಕೂಡ ಸುಲಭವಾಗಿ ದೊರೆಯಲಿಲ್ಲ. ಸ್ವದೇಶವನ್ನು ಬಿಟ್ಟುಬರಲು ಮೊದಲು ಒಪ್ಪದಿದ್ದ ತಾಯಿ ಡೊರೊತಿಯ ಬುದ್ಧಿಯು ಅನಂತರ ಕದಡಿದುದು 1807ರಲ್ಲಿ ಆಕೆ ಸಾಯುವವರೆಗೂ ತಿಳಿಯಾಗಲಿಲ್ಲ. ಈ ಒಂಟಿ ಮನೆಯೊಡನೆ 1800ರ ತರುವಾಯದ ಶ್ರೀರಾಮಪುರವನ್ನು ಹೋಲಿಸಿ ನೋಡಬೇಕು: ಅಲ್ಲಿ ಹಲವು ಸಂಸಾರಗಳು ನಮ್ಮ ಅವಿಭಕ್ತ ಕುಟುಂಬಗಳಂತೆ ಒಂದೇ ಬೊಕ್ಕಸ, ಒಂದೇ ಪಂಕ್ತಿಯಲ್ಲಿ ಬಾಳಿದುವು, ಹ್ಯಾನಾ ಮಾರ್ಷ್‌ಮನ್ ಎಂಬ ಧೀರ ಗೃಹಿಣಿಯು ತನ್ನ ಮಕ್ಕಳೊಡನೆ, ಆಳುವವರಿಲ್ಲದೆ ಬೆಳೆಯುತ್ತಿದ್ದ ಕೇರಿಯವರ ಗಂಡುಮಕ್ಕಳನ್ನೂ ತಿದ್ದಿದಳು. ಅಷ್ಟೇ ಅಲ್ಲ, ಆಕೆ ಮತ್ತು ಆಕೆಯ ಪತಿ ನಡೆಸಿದ ವಸತಿಶಾಲೆಗಳ ಆದಾಯವು ಕೇರಿಯವರ ಸಂಬಳದೊಡನೆ ಆ ಸಾಮಾನ್ಯ ನಿಧಿಗೇ ಸೇರುತ್ತಿದ್ದಿತು.